ಗೈಡ್ ಜೊತೆಗೆ ಅರ್ಧ ದಿನದ ಮೆಲ್ಬರ್ನ್: ಆರಿಸುವುದು, ಹೊರಡುವುದು, ನೋಡುವುದು

ಮೆಲ್ಬರ್ನ್‌ನಲ್ಲಿರುವ ಮಗನ ಅಥವಾ ಮಗಳ ಮನೆಗೆ ಬಂದಿಳಿದ ತಂದೆತಾಯಿಯರ ಮೊದಲ ವಾರಾಂತ್ಯಗಳು ಸಾಮಾನ್ಯವಾಗಿ ನಗರದಿಂದ ದೂರದಲ್ಲಿಯೇ ಕಳೆದುಹೋಗುತ್ತವೆ. ಗ್ರೇಟ್ ಓಷನ್ ರೋಡ್, ಫಿಲಿಪ್ ದ್ವೀಪದ ಪೆಂಗ್ವಿನ್‌ಗಳು, ಬಲ್ಲರಾಟ್‌ನ ಚಿನ್ನದ ಗಣಿಯೂರು ಎಂದು ಒಂದೊಂದಕ್ಕೂ ಒಂದು ಇಡೀ ದಿನ ಬೇಕಾಗುತ್ತದೆ, ಕಾರು ಓಡಿಸುವವರಿಗೆ ರಜೆಯೂ ಬೇಕಾಗುತ್ತದೆ. ಇವೆಲ್ಲ ಮುಗಿಯುವ ಹೊತ್ತಿಗೆ ನಗರವೊಂದು ಬಾಕಿ ಉಳಿದಿರುತ್ತದೆ. ಮಕ್ಕಳು ಕೆಲಸಕ್ಕೆ ಹೋಗಿರುವ ವಾರದ ನಡುವಿನ ಒಂದು ಬೆಳಗ್ಗೆ, ಯಾರ ರಜೆಯನ್ನೂ ಕಾಯದೆ, ತಾವೇ ಹೋಗಿ ಬರಬಹುದಾದದ್ದು ಈ ಅರ್ಧ ದಿನದ ನಗರ ಪ್ರವಾಸ. ಸಮ್ಮೇಳನಕ್ಕೋ ಕಚೇರಿಯ ಕೆಲಸಕ್ಕೋ ಬಂದು ಒಂದೇ ಬೆಳಗ್ಗೆ ಬಿಡುವು ಸಿಕ್ಕವರಿಗೂ ಇದೇ ಸರಿಯಾದ ದಾರಿ.

ಈ ಪ್ರವಾಸದಿಂದ ಏನನ್ನು ನಿರೀಕ್ಷಿಸಬೇಕು ಎಂಬುದನ್ನು ಮೊದಲೇ ನಿರ್ಧರಿಸಿಕೊಳ್ಳುವುದು ಒಳ್ಳೆಯದು. ನಾಲ್ಕು ಗಂಟೆಯಲ್ಲಿ ಮೆಲ್ಬರ್ನ್ ಅನ್ನು ನೋಡಿ ಮುಗಿಸಲಾಗದು. ಆದರೆ ಯಾವುದು ಯಾವ ದಿಕ್ಕಿಗಿದೆ, ನದಿ ಎಲ್ಲಿ ಹರಿಯುತ್ತದೆ, ಟ್ರಾಮ್ ಎಲ್ಲಿ ಸಿಗುತ್ತದೆ, ಯಾವ ಜಾಗಕ್ಕೆ ಇನ್ನೊಮ್ಮೆ ಬಂದು ಅರ್ಧ ದಿನ ಕೂರಬೇಕು ಎಂಬುದಷ್ಟೂ ತಿಳಿಯುತ್ತದೆ. ಆದ್ದರಿಂದಲೇ ಈ ಪ್ರವಾಸವನ್ನು ವಾಸ್ತವ್ಯದ ಕೊನೆಗೆ ಇಟ್ಟುಕೊಳ್ಳದೆ, ಮೊದಲ ವಾರದಲ್ಲಿಯೇ ಮಾಡಬೇಕೆಂಬುದು ನನ್ನ ಬಲವಾದ ಸಲಹೆ. ಹಾಗೆಂದು ಬಂದಿಳಿದ ಮರುದಿನವೇ ಬೇಡ. ಮೆಲ್ಬರ್ನ್‌ನ ಗಡಿಯಾರ ಭಾರತಕ್ಕಿಂತ ನಾಲ್ಕೂವರೆ ಗಂಟೆ ಮುಂದಿರುತ್ತದೆ. ಅಕ್ಟೋಬರ್‌ನ ಮೊದಲ ಭಾನುವಾರದಿಂದ ಏಪ್ರಿಲ್‌ನ ಮೊದಲ ಭಾನುವಾರದವರೆಗೆ ಈ ಅಂತರ ಐದೂವರೆ ಗಂಟೆಯಾಗುತ್ತದೆ. ಬೆಳಗ್ಗೆ 8 ಗಂಟೆಗೆ ಬಸ್ ಹೊರಡುವಾಗ ಊರಿನಿಂದ ಈಗಷ್ಟೇ ಬಂದವರ ದೇಹಕ್ಕೆ ಅದು ನಸುಕಿನ ಎರಡೂವರೆಯೋ ಮೂರೂವರೆಯೋ ಆಗಿರುತ್ತದೆ. ಮೂರು ದಿನ ಕಳೆದ ಮೇಲೆ ಹೋದರೆ ಗೈಡ್ ಹೇಳುವುದು ಕಿವಿಗೆ ಬೀಳುತ್ತದೆ.

ಬಸ್ಸೋ, ನಡಿಗೆಯೋ

ಅರ್ಧ ದಿನದ ಪ್ರವಾಸಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಕೋಚ್ ಬಸ್ ಅಥವಾ ಸಣ್ಣ ವ್ಯಾನಿನಲ್ಲಿ ಕರೆದೊಯ್ಯುವಂಥದ್ದು. ಬೆಳಗ್ಗೆ 8ರ ಆಸುಪಾಸಿನಲ್ಲಿ ಹೊರಟು ಮಧ್ಯಾಹ್ನದ ಹೊತ್ತಿಗೆ ಮುಗಿಯುತ್ತದೆ. ನಗರದ ನಡುಭಾಗವಲ್ಲದೆ ಉದ್ಯಾನಗಳು, ಆಲ್ಬರ್ಟ್ ಪಾರ್ಕ್ ಕೆರೆ, ಕ್ರಿಕೆಟ್ ಮೈದಾನದ ಕಡೆಗೂ ಹೋಗುತ್ತದೆ. ಮಂಡಿನೋವು ಇರುವವರಿಗೆ, ಚಿಕ್ಕ ಮಕ್ಕಳೊಂದಿಗೆ ಬಂದವರಿಗೆ, ಒಟ್ಟಾರೆ ನಗರದ ಅಳತೆ ತಿಳಿಯಬೇಕೆನ್ನುವವರಿಗೆ ಇದು ತಕ್ಕದ್ದು. ಎರಡನೆಯದು ಕಾಲ್ನಡಿಗೆಯ ಪ್ರವಾಸ. ಎರಡೂವರೆಯಿಂದ ಮೂರು ಗಂಟೆಯ ಕಾಲ ನಗರದ ನಡುವಿನ ಬೀದಿಗಳಲ್ಲಿ, ಛಾವಣಿ ಹೊದಿಸಿದ ಅಂಗಡಿಸಾಲುಗಳಾದ ಹಳೆಯ ಆರ್ಕೇಡ್‌ಗಳಲ್ಲಿ, ಚಿತ್ರ ಬರೆದ ಗಲ್ಲಿಗಳಲ್ಲಿ ಸುತ್ತಿಸುತ್ತಾರೆ. ಬಸ್ ಹೋಗಲಾರದ ಜಾಗಗಳಲ್ಲಿಯೇ ಮೆಲ್ಬರ್ನ್‌ನ ಸ್ವಾರಸ್ಯ ಹೆಚ್ಚು ಇರುವುದರಿಂದ, ನಡೆಯಬಲ್ಲವರು ಇದನ್ನೇ ಆರಿಸಿಕೊಳ್ಳುವುದು ಮೇಲು. ನಡಿಗೆಯ ಪ್ರವಾಸಗಳಲ್ಲಿ ಕೆಲವು ಮುಂಗಡ ಶುಲ್ಕವಿಲ್ಲದವು. ಕೊನೆಯಲ್ಲಿ ಇಷ್ಟವಾದಷ್ಟು ಕೊಡಬಹುದು. ಆದರೆ ಗೈಡ್‌ನ ಸಂಪಾದನೆಯೇ ಅದಾಗಿರುವುದರಿಂದ, ಏನೂ ಕೊಡದೆ ಜಾರಿಕೊಳ್ಳುವುದು ಶೋಭೆಯಲ್ಲ. ಹಣ ಕಟ್ಟಿ ಟಿಕೆಟ್ ಪಡೆದ ಪ್ರವಾಸದಲ್ಲಾದರೋ ಟಿಪ್ಸ್ ಕೊಡಲೇಬೇಕೆಂಬ ವಾಡಿಕೆ ಆಸ್ಟ್ರೇಲಿಯಾದಲ್ಲಿಲ್ಲ.

ಈ ಎರಡರ ಜೊತೆಗೆ ಮೂರನೆಯದೊಂದನ್ನು ಹೇಳಲೇಬೇಕು: ಈ ನೆಲದ ಮೂಲನಿವಾಸಿಗಳ ದೃಷ್ಟಿಯಿಂದ ನಡೆಸುವ ನಡಿಗೆಗಳು. ರಾಯಲ್ ಬೊಟಾನಿಕ್ ಗಾರ್ಡನ್ಸ್‌ನಲ್ಲಿ ಇಂಥದೊಂದು ನಡಿಗೆ ಇದೆ, ಕೂರಿ ಹೆರಿಟೇಜ್ ಟ್ರಸ್ಟ್ ಕೂಡ ಯಾರಾ ನದಿಯ ದಡದಲ್ಲಿ ನಡೆಸುತ್ತದೆ. ಇವು ಒಂದೂವರೆ ಗಂಟೆಯ ಸುಮಾರಿನವು. ನಗರದ ಕಟ್ಟಡಗಳ ಪರಿಚಯ ಇವುಗಳ ಉದ್ದೇಶವಲ್ಲ. ಎರಡನೆಯ ಸಲ ನಗರಕ್ಕೆ ಬರುವ ದಿನಕ್ಕೆ ಇಟ್ಟುಕೊಂಡರೆ ಹೆಚ್ಚು ದಕ್ಕುತ್ತದೆ.

ಬೇಕಾದ ಕಡೆ ಇಳಿದು ಹತ್ತುವ ಬಸ್ಸುಗಳಲ್ಲಿ ಸಾಮಾನ್ಯವಾಗಿ ಧ್ವನಿಮುದ್ರಿತ ವಿವರಣೆಯೇ ಇರುತ್ತದೆ. ಅದನ್ನು ಗೈಡ್ ಇರುವ ಪ್ರವಾಸವೆಂದು ಭಾವಿಸಿ ಬುಕ್ ಮಾಡಬೇಡಿ.

ಹಣ ಕಟ್ಟುವ ಮುನ್ನ ಓದಬೇಕಾದದ್ದು

ಪ್ರವಾಸದ ವಿವರಪುಟದಲ್ಲಿ ಹದಿನೈದು ಇಪ್ಪತ್ತು ಸ್ಥಳಗಳ ಪಟ್ಟಿ ಇರುತ್ತದೆ. ಅದನ್ನು ಕಂಡು ಮರುಳಾಗಬಾರದು. ಆ ಪಟ್ಟಿಯಲ್ಲಿ ಬಸ್ ನಿಂತು ನಾವು ಇಳಿಯುವ ಸ್ಥಳಗಳು ಸಾಮಾನ್ಯವಾಗಿ ಮೂರೋ ನಾಲ್ಕೋ. ಉಳಿದವನ್ನು ಕಿಟಕಿಯಿಂದ ತೋರಿಸಿ ಮುಂದೆ ಹೋಗುತ್ತಾರೆ. ಇದರಲ್ಲಿ ಮೋಸವೇನೂ ಇಲ್ಲ, ನಾಲ್ಕು ಗಂಟೆಯಲ್ಲಿ ಅದಕ್ಕಿಂತ ಹೆಚ್ಚು ಸಾಧ್ಯವೂ ಇಲ್ಲ. ಆದರೆ ಎರಡು ಪ್ರವಾಸಗಳನ್ನು ಹೋಲಿಸುವಾಗ ಎಷ್ಟು ಸ್ಥಳಗಳ ಹೆಸರಿದೆ ಎಂದು ಎಣಿಸದೆ, ಎಲ್ಲೆಲ್ಲಿ ಇಳಿಸುತ್ತಾರೆ, ಇಳಿಸಿದಲ್ಲಿ ಎಷ್ಟು ನಿಮಿಷ ಕೊಡುತ್ತಾರೆ ಎಂದು ನೋಡಬೇಕು. ವಿವರಪುಟದಲ್ಲಿ ಸ್ಪಷ್ಟವಾಗಿಲ್ಲದಿದ್ದರೆ ಇಮೇಲ್ ಬರೆದು ಕೇಳಿ. ಅಲ್ಲಿಯ ಸಂಸ್ಥೆಗಳು ಇಂಥ ಪ್ರಶ್ನೆಗಳನ್ನು ಕಿರಿಕಿರಿ ಎಂದು ಭಾವಿಸುವುದಿಲ್ಲ.

ಕೇಳಬೇಕಾದ ಇನ್ನಷ್ಟು ವಿಷಯಗಳಿವೆ. ಟಿಕೆಟ್ಟಿನಲ್ಲಿ ಪ್ರವೇಶ ಶುಲ್ಕಗಳು ಸೇರಿವೆಯೇ ಎಂಬುದು ಒಂದು: ಯುದ್ಧ ಸ್ಮಾರಕವಾದ ಶ್ರೈನ್ ಆಫ್ ರಿಮೆಂಬರೆನ್ಸ್‌ಗೂ ಉದ್ಯಾನಗಳಿಗೂ ಶುಲ್ಕವೇ ಇಲ್ಲ, ಕುಕ್ಸ್ ಕಾಟೇಜ್‌ನ ಒಳಗೆ ಹೋಗಲು ಇದೆ. ಹೋಟೆಲ್‌ನಿಂದ ಕರೆದೊಯ್ಯುತ್ತಾರೆಯೇ, ಇಲ್ಲ ನಿಗದಿತ ಜಾಗಕ್ಕೆ ನಾವೇ ಹೋಗಬೇಕೇ ಎಂಬುದು ಇನ್ನೊಂದು. ಉಪನಗರಗಳ ಮನೆಗಳಿಂದ ಕರೆದೊಯ್ಯುವ ಪ್ರವಾಸ ಖಾಸಗಿ ಕಾರಿನದೇ ಆಗಿರುತ್ತದೆ, ಅದರ ದರವೂ ಬೇರೆ. ಕನಿಷ್ಠ ಸಂಖ್ಯೆಯ ಜನ ಸೇರದಿದ್ದರೆ ರದ್ದು ಮಾಡುತ್ತಾರೆಯೇ, ನಾವು ರದ್ದು ಮಾಡಿದರೆ ಎಷ್ಟು ಗಂಟೆ ಮುಂಚಿತವಾಗಿ ತಿಳಿಸಬೇಕು ಎಂಬುದನ್ನೂ ಓದಿಕೊಳ್ಳಿ. ಭಾರತದ ಹಿರಿಯ ನಾಗರಿಕರ ಗುರುತಿನ ಚೀಟಿಗೆ ರಿಯಾಯಿತಿ ಸಿಗುತ್ತದೆಂದು ಎಣಿಸಬೇಡಿ. ಅಲ್ಲಿ ರಿಯಾಯಿತಿ ಎಂದರೆ ಬಹುಮಟ್ಟಿಗೆ ಅಲ್ಲಿಯ ಸರ್ಕಾರ ಕೊಟ್ಟ ಕಾರ್ಡ್ ಇರುವವರಿಗೆ. ಚಿಕ್ಕ ಮಕ್ಕಳಿದ್ದರೆ ವಯಸ್ಸನ್ನು ತಿಳಿಸಿ, ಸಣ್ಣ ವ್ಯಾನಿನಲ್ಲಿ ಮಕ್ಕಳ ಸೀಟು ಇಡುತ್ತಾರೆಯೇ ಎಂದು ಮುಂಚಿತವಾಗಿ ಬರೆಸಿಕೊಳ್ಳಬೇಕು. ಆ ವಿಷಯದಲ್ಲಿ ವಿಕ್ಟೋರಿಯಾ ರಾಜ್ಯದ ಕಾನೂನು ಕಟ್ಟುನಿಟ್ಟಾಗಿದೆ. ಹೊರಡುವ ಹೊತ್ತಿಗೆ ತೊಡೆಯ ಮೇಲೆ ಕೂರಿಸಿಕೊಳ್ಳುತ್ತೇವೆ ಎಂದರೆ ನಡೆಯುವುದಿಲ್ಲ.

ಬೆಳಗಿನ ನಗರ ಪ್ರವಾಸದ ಜೊತೆಗೆ ಮಧ್ಯಾಹ್ನದಿಂದ ಫಿಲಿಪ್ ದ್ವೀಪದ ಪೆಂಗ್ವಿನ್ ಪ್ರವಾಸವನ್ನೂ ಜೋಡಿಸಿ ಕಡಿಮೆ ದರಕ್ಕೆ ಕೊಡುವ ಕೊಡುಗೆಗಳಿವೆ. ಪೆಂಗ್ವಿನ್‌ಗಳು ಸಮುದ್ರದಿಂದ ದಡಕ್ಕೆ ಬರುವುದು ಸೂರ್ಯಾಸ್ತದ ನಂತರ. ಬೇಸಿಗೆಯಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಎಂಟೂವರೆಯ ಮೇಲೆ. ಆ ದಿನ ಮನೆ ಸೇರುವುದು ಮಧ್ಯರಾತ್ರಿಯ ಹೊತ್ತಿಗೆ. ಅರವತ್ತು ದಾಟಿದವರಿಗೆ ಈ ಜೋಡಿಯನ್ನು ನಾನು ಹೇಳುವುದಿಲ್ಲ.

ಹವೆಗೆ ತಕ್ಕ ಸಿದ್ಧತೆ

ಮೆಲ್ಬರ್ನ್‌ನಲ್ಲಿ ಒಂದೇ ದಿನ ನಾಲ್ಕು ಋತುಗಳು ಬರುತ್ತವೆ ಎಂದು ಅಲ್ಲಿಯವರೇ ತಮಾಷೆ ಮಾಡುತ್ತಾರೆ, ಇದಕ್ಕೆ ಕಾರಣವೂ ಇದೆ. ಉತ್ತರದಿಂದ ಒಳನಾಡಿನ ಬಿಸಿಗಾಳಿ ಬೀಸುತ್ತಿರುವಾಗಲೇ ದಕ್ಷಿಣ ಸಾಗರದ ತಣ್ಣನೆಯ ಗಾಳಿ ಹಠಾತ್ತನೆ ನುಗ್ಗಿ, ಬೇಸಿಗೆಯ ಮಧ್ಯಾಹ್ನದ ಉಷ್ಣಾಂಶ ಸ್ವಲ್ಪ ಹೊತ್ತಿನಲ್ಲಿಯೇ ಹತ್ತು ಹದಿನೈದು ಡಿಗ್ರಿ ಇಳಿದುಬಿಡಬಹುದು. ಬೆಳಗ್ಗೆ ಬಿಸಿಲಿದೆ ಎಂದು ಒಂದೇ ಅಂಗಿಯಲ್ಲಿ ಹೊರಡಬಾರದು. ತೆಳುವಾದ ಎರಡು ಪದರ, ಮೇಲೊಂದು ಗಾಳಿ ಮಳೆ ತಡೆಯುವ ಜಾಕೆಟ್ ಇದ್ದರೆ ಹಾಕುವುದೂ ತೆಗೆಯುವುದೂ ಸುಲಭ. ಗಾಳಿಯ ದಿನ ಕೊಡೆ ನಿಲ್ಲುವುದಿಲ್ಲ.

ಬಿಸಿಲಿನ ವಿಷಯದಲ್ಲಿ ನಮ್ಮವರಿಗೆ ಒಂದು ಉದಾಸೀನವಿದೆ. ಕಲಬುರಗಿಯ ಬಿಸಿಲು ಕಂಡವರಿಗೆ ಇದು ಯಾವ ಲೆಕ್ಕ ಎನ್ನುತ್ತಾರೆ. ಆದರೆ ಅಲ್ಲಿಯ ಬೇಸಿಗೆಯಲ್ಲಿ ಗಾಳಿ ತಂಪಾಗಿದ್ದಾಗಲೂ ನೇರಳಾತೀತ ಕಿರಣಗಳ ತೀವ್ರತೆ ಬಹಳ ಹೆಚ್ಚು. ಟೋಪಿ ಮತ್ತು ಸನ್‌ಸ್ಕ್ರೀನ್ ಇರಲಿ. ಕುಡಿಯುವ ನೀರಿಗೆ ಬಾಟಲಿ ಕೊಳ್ಳುವ ಅಗತ್ಯವಿಲ್ಲ, ನಲ್ಲಿಯ ನೀರನ್ನೇ ತುಂಬಿಸಿಕೊಂಡರೆ ಸಾಕು. ಸಕ್ಕರೆ ಕಾಯಿಲೆ ಇರುವವರು ಮಾತ್ರೆಯನ್ನೂ ಬಿಸ್ಕತ್ತನ್ನೂ ಕೈಚೀಲದಲ್ಲಿಟ್ಟುಕೊಳ್ಳಬೇಕು, ಏಕೆಂದರೆ ಕಾಫಿಗೆಂದು ಬಸ್ ನಿಲ್ಲಿಸುವ ಖಾತ್ರಿ ಇಲ್ಲ, ಬಸ್ಸಿನಲ್ಲಿ ತಿನ್ನಲು ಅನೇಕ ಸಂಸ್ಥೆಗಳು ಬಿಡುವುದಿಲ್ಲ. ಸಾರ್ವಜನಿಕ ಶೌಚಾಲಯಗಳು ನಗರದಲ್ಲಿ ಸಾಕಷ್ಟಿವೆ ಮತ್ತು ಉಚಿತ. ಆದರೂ ಬಸ್ ಹೊರಡುವ ಮುಂಚೆ ಒಮ್ಮೆ ಹೋಗಿಬರುವುದು ಜಾಣತನ.

ಹೊರಡುವ ಜಾಗಕ್ಕೆ ತಲುಪುವುದು

ಹೆಚ್ಚಿನ ಪ್ರವಾಸಗಳು ಫೆಡರೇಷನ್ ಸ್ಕ್ವೇರ್ ಅಥವಾ ಅದರಿಂದ ನದಿ ದಾಟಿದರೆ ಸಿಗುವ ಆರ್ಟ್ಸ್ ಸೆಂಟರ್‌ನ ಬಳಿಯಿಂದ ಹೊರಡುತ್ತವೆ. ಎರಡಕ್ಕೂ ಹತ್ತಿರದ ರೈಲು ನಿಲ್ದಾಣ ಫ್ಲಿಂಡರ್ಸ್ ಸ್ಟ್ರೀಟ್. ಪಶ್ಚಿಮದ ಉಪನಗರವಾದ ಟಾರ್ನೀಟ್ ಕಡೆಯಿಂದ ಬರುವವರು ವಿ/ಲೈನ್ ಎಂಬ ಪ್ರಾದೇಶಿಕ ರೈಲಿನಲ್ಲಿ ಸದರ್ನ್ ಕ್ರಾಸ್ ನಿಲ್ದಾಣಕ್ಕೆ ಬಂದು, ಅಲ್ಲಿಂದ ಟ್ರಾಮ್ ಹಿಡಿಯಬಹುದು. ರೈಲಿಗೆ ಮೈಕಿ ಕಾರ್ಡ್ ಬೇಕು, ಅದರಲ್ಲಿ ಹಣ ತುಂಬಿಸಿರಬೇಕು. ನಗರದ ನಡುಭಾಗದಲ್ಲಿ ಮಾತ್ರ ಟ್ರಾಮ್ ಪ್ರಯಾಣ ಉಚಿತ; 2015ರಿಂದ ಜಾರಿಯಲ್ಲಿರುವ ಈ ಉಚಿತ ವಲಯದೊಳಗೇ ಹತ್ತಿ ಇಳಿಯುವುದಾದರೆ ಕಾರ್ಡ್ ಮುಟ್ಟಿಸಬೇಕಾಗಿಲ್ಲ. ಆದರೆ ಆರ್ಟ್ಸ್ ಸೆಂಟರ್ ಇರುವ ಸೇಂಟ್ ಕಿಲ್ಡಾ ರಸ್ತೆ ಆ ವಲಯದ ಹೊರಗಿದೆ. ಆದ್ದರಿಂದ ಫ್ಲಿಂಡರ್ಸ್ ಸ್ಟ್ರೀಟ್‌ನಲ್ಲಿ ಇಳಿದು ಪ್ರಿನ್ಸಸ್ ಸೇತುವೆಯ ಮೇಲೆ ನಡೆದುಬಿಡಿ, ಐದಾರು ನಿಮಿಷದ ದಾರಿ.

ಹೇಳಿದ ಸಮಯಕ್ಕಿಂತ ಕಾಲು ಗಂಟೆ ಮುಂಚೆ ಅಲ್ಲಿರಬೇಕು. 8 ಗಂಟೆ ಎಂದರೆ 8 ಗಂಟೆಗೆ ಬಸ್ ಹೊರಟೇಬಿಡುತ್ತದೆ, ಫೋನ್ ಮಾಡಿ ಹತ್ತು ನಿಮಿಷ ನಿಲ್ಲಿಸಿ ಎನ್ನುವ ಪರಿಪಾಠ ಅಲ್ಲಿಲ್ಲ. ಬಸ್ಸಿನಲ್ಲಿ ಸೀಟ್ ಬೆಲ್ಟ್ ಇದ್ದರೆ ಹಾಕಿಕೊಳ್ಳುವುದು ಕಡ್ಡಾಯ. ಆಸ್ಟ್ರೇಲಿಯನ್ ಉಚ್ಚಾರಣೆ ರೂಢಿಯಿಲ್ಲದವರು ಮುಂದಿನ ಸಾಲುಗಳಲ್ಲಿ ಕೂತುಕೊಳ್ಳಿ. ಹಿಂದಿನ ಸಾಲಿನ ಸ್ಪೀಕರ್‌ನಲ್ಲಿ ಅರ್ಧ ಮಾತು ಕೇಳಿಸುತ್ತದೆ, ಅರ್ಧ ಹಾರಿಹೋಗುತ್ತದೆ. ಗೈಡ್ ಅನ್ನು ಹೆಸರು ಹಿಡಿದೇ ಕರೆಯುವುದು ಅಲ್ಲಿಯ ಕ್ರಮ. ಸರ್, ಮೇಡಂ ಎನ್ನುವುದು ತಪ್ಪಲ್ಲ, ಆದರೆ ಬೇಕಾಗಿಲ್ಲ. ಪ್ರವಾಸದ ಆರಂಭದಲ್ಲಿ ಗೈಡ್ ಈ ನೆಲದ ಸಾಂಪ್ರದಾಯಿಕ ಒಡೆಯರಾದ ವುರುಂಡ್ಜೆರಿ ಮತ್ತು ಬುನುರಾಂಗ್ ಜನರನ್ನು, ಅವರ ಹಿರಿಯರನ್ನು ಗೌರವದಿಂದ ನೆನೆಯುವುದುಂಟು. ಅಷ್ಟು ಹೊತ್ತು ಮಾತು ನಿಲ್ಲಿಸಿ ಕೇಳಬೇಕು.

ದಾರಿಯಲ್ಲಿ ಏನನ್ನು ಗಮನಿಸಬೇಕು

ಫೆಡರೇಷನ್ ಸ್ಕ್ವೇರ್‌ನಲ್ಲಿ ನಿಂತಾಗ ನಾಲ್ಕು ಮೂಲೆಗಳನ್ನೂ ಒಮ್ಮೆ ನೋಡಿಕೊಳ್ಳಿ, ನಗರದ ಕೀಲಿ ಇರುವುದು ಇಲ್ಲಿಯೇ. 1910ರಲ್ಲಿ ಪೂರ್ಣಗೊಂಡ ಫ್ಲಿಂಡರ್ಸ್ ಸ್ಟ್ರೀಟ್ ನಿಲ್ದಾಣದ ಹಳದಿ ಕಟ್ಟಡ ಒಂದು ಕಡೆ, ಸೇಂಟ್ ಪಾಲ್ಸ್ ಕ್ಯಾಥೆಡ್ರಲ್ ಇನ್ನೊಂದು ಕಡೆ, 2002ರಲ್ಲಿ ತೆರೆದ ಈ ಚೌಕದ ಒಡೆದ ಗಾಜಿನಂತೆ ಕಾಣುವ ಗೋಡೆಗಳು ಮತ್ತೊಂದು ಕಡೆ. ನಿಲ್ದಾಣದ ಬಾಗಿಲ ಮೇಲೆ ಸಾಲಾಗಿರುವ ಗಡಿಯಾರಗಳು ಯಾವ ಮಾರ್ಗದ ರೈಲು ಯಾವಾಗ ಹೊರಡುತ್ತದೆಂದು ತೋರಿಸುತ್ತವೆ. ಗಡಿಯಾರಗಳ ಕೆಳಗೆ ಸಿಗೋಣ ಎಂದರೆ ಮೆಲ್ಬರ್ನ್‌ನವರಿಗೆಲ್ಲ ಅರ್ಥವಾಗುತ್ತದೆ. ಗುಂಪಿನಿಂದ ತಪ್ಪಿಸಿಕೊಂಡರೆ ಭೇಟಿಯಾಗಲು ನೀವೂ ಆ ಜಾಗವನ್ನೇ ಗೊತ್ತುಮಾಡಿಕೊಳ್ಳಿ.

ಇಲ್ಲಿಂದ ಮುಂದೆ ಬೀದಿಗಳ ಲೆಕ್ಕಾಚಾರವನ್ನು ಗೈಡ್ ಹೇಳುವಾಗ ಕಿವಿಗೊಟ್ಟು ಕೇಳಿದರೆ, ಆಮೇಲೆ ನಕ್ಷೆಯಿಲ್ಲದೆ ಓಡಾಡಬಹುದು. 1837ರಲ್ಲಿ ರಾಬರ್ಟ್ ಹಾಡಲ್ ಎಂಬ ಸರ್ವೇಯರ್ ನದಿಗೆ ಸಮಾನಾಂತರವಾಗಿ ಎಳೆದ ಚೌಕಾಕಾರದ ನಕ್ಷೆಯೇ ಇಂದಿಗೂ ನಗರದ ನಡುಭಾಗ. ಮುಖ್ಯ ಬೀದಿಗಳು 99 ಅಡಿ ಅಗಲ. ಅವುಗಳ ಹಿಂದೆಯೇ ಓಡುವ, ಹೆಸರಿಗೆ ಮುಂಚೆ ಲಿಟ್ಲ್ ಎಂದು ಸೇರಿಸಿಕೊಂಡ ಬೀದಿಗಳು 33 ಅಡಿ. ಕಾಲಿನ್ಸ್ ಬೀದಿಯ ಹಿಂದೆ ಲಿಟ್ಲ್ ಕಾಲಿನ್ಸ್, ಬೋರ್ಕ್ ಬೀದಿಯ ಹಿಂದೆ ಲಿಟ್ಲ್ ಬೋರ್ಕ್. ದೊಡ್ಡ ಕಟ್ಟಡಗಳಿಗೆ ಹಿಂಬಾಗಿಲ ದಾರಿಯಾಗಲೆಂದು ಬಿಟ್ಟ ಈ ಕಿರುಬೀದಿಗಳೂ, ಅವುಗಳಿಂದ ಕವಲೊಡೆದ ಗಲ್ಲಿಗಳೂ ಇಂದು ಕೆಫೆಗಳಿಂದ, ಗೋಡೆ ಚಿತ್ರಗಳಿಂದ ತುಂಬಿವೆ. ಎಲಿಜಬೆತ್ ಬೀದಿ ತಗ್ಗಿನಲ್ಲಿರುವುದು ಏಕೆಂದು ಗೈಡ್ ಅನ್ನು ಕೇಳಿ. ಅದರ ಅಡಿಯಲ್ಲಿ ಹಿಂದೊಂದು ತೊರೆ ಹರಿಯುತ್ತಿತ್ತು. ಜೋರು ಮಳೆ ಬಿದ್ದಾಗ ನೀರು ಹಳೆಯ ದಾರಿಯನ್ನು ನೆನಪಿಸಿಕೊಂಡು ಆ ಬೀದಿಯಲ್ಲಿ ಪ್ರವಾಹವಾದದ್ದುಂಟು. ಕೆರೆಗಳ ಮೇಲೆ ಬಡಾವಣೆ ಕಟ್ಟಿದ ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಡಿಗೆಯ ಪ್ರವಾಸವಾದರೆ ಹೋಸಿಯರ್ ಲೇನ್, ಡೆಗ್ರೇವ್ಸ್ ಬೀದಿ, ಬ್ಲಾಕ್ ಆರ್ಕೇಡ್, ರಾಯಲ್ ಆರ್ಕೇಡ್‌ಗಳನ್ನು ತಪ್ಪದೆ ತೋರಿಸುತ್ತಾರೆ. 1870ರಲ್ಲಿ ತೆರೆದ ರಾಯಲ್ ಆರ್ಕೇಡ್‌ನಲ್ಲಿ ಗಾಗ್ ಮತ್ತು ಮಗಾಗ್ ಎಂಬ ಎರಡು ದೈತ್ಯ ಬೊಂಬೆಗಳು ಗಂಟೆ ಬಾರಿಸುತ್ತವೆ. ಗಂಟೆಯ ಹೊತ್ತಿಗೆ ಸರಿಯಾಗಿ ಅಲ್ಲಿರುವಂತೆ ಗೈಡ್ ಹೊಂದಿಸಿಕೊಂಡರೆ ಆತ ಕೆಲಸ ಬಲ್ಲವನೆಂದು ತಿಳಿಯಬಹುದು. ಹೋಸಿಯರ್ ಲೇನ್‌ನ ಚಿತ್ರಗಳ ಮೇಲೆ ಬೇರೆ ಚಿತ್ರಗಳನ್ನು ಬರೆಯುತ್ತಲೇ ಇರುತ್ತಾರಾದ್ದರಿಂದ, ಗೆಳೆಯರ ಫೋಟೋದಲ್ಲಿ ಕಂಡದ್ದನ್ನು ಹುಡುಕಿಕೊಂಡು ಹೋಗಿ ಪ್ರಯೋಜನವಿಲ್ಲ.

ಬಸ್ಸಿನ ಪ್ರವಾಸದಲ್ಲಿ ಇಳಿಯಲು ಸಿಗುವ ಜಾಗಗಳಲ್ಲಿ ಶ್ರೈನ್ ಆಫ್ ರಿಮೆಂಬರೆನ್ಸ್ ಅತ್ಯಂತ ಮುಖ್ಯ. ಮೊದಲ ಮಹಾಯುದ್ಧದಲ್ಲಿ ಮಡಿದ ವಿಕ್ಟೋರಿಯಾದ ಸೈನಿಕರ ನೆನಪಿಗೆಂದು ಕಟ್ಟಿ, 1934ರ ನವೆಂಬರ್ 11ರಂದು ಸಮರ್ಪಿಸಿದ ಈ ಸ್ಮಾರಕದ ನಡುವೆ, ನೆಲಮಟ್ಟಕ್ಕಿಂತ ಕೆಳಗೆ, ಒಂದು ಶಿಲೆಯನ್ನು ಇಟ್ಟಿದ್ದಾರೆ. ಪ್ರತಿ ವರ್ಷ ನವೆಂಬರ್ 11ರ ಬೆಳಗ್ಗೆ 11 ಗಂಟೆಗೆ, ಯುದ್ಧ ನಿಂತ ಆ ಹೊತ್ತಿನಲ್ಲಿ, ಛಾವಣಿಯ ರಂಧ್ರದಿಂದ ಇಳಿಯುವ ಸೂರ್ಯಕಿರಣ ಆ ಶಿಲೆಯ ಮೇಲಿನ ಪ್ರೀತಿ ಎಂಬರ್ಥದ ಪದದ ಮೇಲೆ ಹಾಯುವಂತೆ ಲೆಕ್ಕ ಹಾಕಿ ಕಟ್ಟಲಾಗಿದೆ. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿ ಬಂದ ಮೇಲೆ ಈ ಲೆಕ್ಕ ತಪ್ಪಿತು. ಈಗ ಕನ್ನಡಿಗಳ ಮೂಲಕ ಬೆಳಕನ್ನು ತಿರುಗಿಸುತ್ತಾರೆ. ಬೇರೆ ದಿನಗಳಲ್ಲಿ ಬರುವವರಿಗೆ ವಿದ್ಯುತ್ ದೀಪದಿಂದ ಅದನ್ನೇ ತೋರಿಸುವ ವ್ಯವಸ್ಥೆಯಿದೆ. ಗವಿ ಗಂಗಾಧರೇಶ್ವರನ ಸಂಕ್ರಾಂತಿಯ ಸೂರ್ಯರಶ್ಮಿಯನ್ನು ಬಲ್ಲ ಬೆಂಗಳೂರಿಗರು ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುವುದು ಸಹಜ.

ಇಲ್ಲಿಯೇ ಒಂದು ಎಚ್ಚರಿಕೆ ಅಗತ್ಯ. ಸ್ಮಾರಕದ ಬಾಗಿಲು ತೆರೆಯುವುದು ಬೆಳಗ್ಗೆ 10ಕ್ಕೆ. ಬೇಗ ಹೊರಡುವ ಬಸ್ ಒಂಬತ್ತೂವರೆಗೇ ಅಲ್ಲಿಗೆ ತಲುಪಿದರೆ ಹೊರಗಿನಿಂದ ಫೋಟೋ ತೆಗೆದು ಮರಳಬೇಕಾಗುತ್ತದೆ. ಬುಕ್ ಮಾಡುವಾಗ ಒಳಗೆ ಹೋಗಲು ಸಮಯ ಸಿಗುತ್ತದೆಯೇ ಎಂದು ಕೇಳಿ, ಸಿಗುವುದಿಲ್ಲವೆಂದಾದರೆ ಮಧ್ಯಾಹ್ನದ ಪ್ರವಾಸವನ್ನು ನೋಡಿ. ಒಳಗೆ ಹೋದವರು ಮೆಟ್ಟಿಲು ಹತ್ತಬಲ್ಲವರಾದರೆ ಮೇಲಿನ ಬಾಲ್ಕನಿಗೆ ಹೋಗಿ. ಸೇಂಟ್ ಕಿಲ್ಡಾ ರಸ್ತೆ ನೇರವಾಗಿ ನಗರದೊಳಕ್ಕೆ ಹೋಗುವುದು ಅಲ್ಲಿಂದ ಕಾಣುತ್ತದೆ. ಒಳಗಡೆ ಗಟ್ಟಿಯಾಗಿ ಮಾತಾಡುವುದು, ನಗುತ್ತ ಸೆಲ್ಫಿ ತೆಗೆದುಕೊಳ್ಳುವುದು ಸಲ್ಲದು.

ಫಿಟ್ಜ್‌ರಾಯ್ ಗಾರ್ಡನ್ಸ್‌ನ ನಿಲುಗಡೆಯಲ್ಲಿ ಎಲ್ಲರೂ ಕುಕ್ಸ್ ಕಾಟೇಜ್ ಕಡೆಗೆ ಧಾವಿಸುತ್ತಾರೆ. ಕ್ಯಾಪ್ಟನ್ ಜೇಮ್ಸ್ ಕುಕ್‌ನ ತಂದೆತಾಯಿ 1755ರಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ ಕಟ್ಟಿಕೊಂಡ ಮನೆ ಇದು. 1930ರ ದಶಕದಲ್ಲಿ ಇದನ್ನು ಕೊಂಡು, ಕಲ್ಲು ಕಲ್ಲಾಗಿ ಬಿಚ್ಚಿ, 253 ಪೆಟ್ಟಿಗೆಗಳಲ್ಲಿ ತುಂಬಿ ಹಡಗಿನಲ್ಲಿ ತಂದು 1934ರಲ್ಲಿ ಇಲ್ಲಿ ಮರುಜೋಡಿಸಿದರು. ಮನೆ ಕಟ್ಟುವ ಹೊತ್ತಿಗೆ ಕುಕ್ ದೊಡ್ಡವನಾಗಿ ಸಮುದ್ರಕ್ಕೆ ಹೋಗಿದ್ದ, ಅವನು ಇಲ್ಲಿ ಬೆಳೆದವನಲ್ಲ. ಮೆಲ್ಬರ್ನ್ ಇರುವ ಜಾಗಕ್ಕಂತೂ ಅವನು ಬಂದದ್ದೇ ಇಲ್ಲ. ನನ್ನ ಅಭಿಪ್ರಾಯದಲ್ಲಿ ಸಮಯ ಕಡಿಮೆ ಇದ್ದರೆ ಹೊರಗಿನಿಂದ ನೋಡಿದರೆ ಸಾಕು. ಉಳಿದ ಹೊತ್ತನ್ನು ಹೂವಿನ ಕನ್ಸರ್ವೇಟರಿಗೆ ಕೊಡಿ. ಎರಡನೆಯ ಮಹಾಯುದ್ಧದ ನಂತರ ಮೆಲ್ಬರ್ನ್‌ನಿಂದ ಆಹಾರದ ಪೊಟ್ಟಣಗಳನ್ನು ಕಳಿಸಿದ್ದಕ್ಕೆ ಕೃತಜ್ಞತೆಯಾಗಿ ಲಂಡನ್‌ನ ಲ್ಯಾಂಬೆತ್ ಜನರು ಕೊಟ್ಟ ಪುಟಾಣಿ ಹಳ್ಳಿಯ ಮಾದರಿ ಹತ್ತಿರದಲ್ಲಿಯೇ ಇದೆ, ಮಕ್ಕಳಿಗೆ ಅದು ಹಿಡಿಸುತ್ತದೆ.

ಕಾರ್ಲ್‌ಟನ್ ಗಾರ್ಡನ್ಸ್‌ನ ರಾಯಲ್ ಎಕ್ಸಿಬಿಷನ್ ಬಿಲ್ಡಿಂಗ್ ಮುಂದೆ ಬಸ್ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಆದರೆ ಕಿಟಕಿಯಿಂದಲಾದರೂ ಸರಿಯಾಗಿ ನೋಡಬೇಕಾದ ಕಟ್ಟಡ ಅದು. 1851ರಲ್ಲಿ ವಿಕ್ಟೋರಿಯಾದಲ್ಲಿ ಚಿನ್ನ ಸಿಕ್ಕಿದ ಮೇಲೆ ಉಕ್ಕಿದ ಹಣ ಈ ನಗರವನ್ನು ಕಟ್ಟಿತು. ಆ ಸಿರಿಯನ್ನು ಜಗತ್ತಿಗೆ ತೋರಿಸಲು 1880ರ ಅಂತರರಾಷ್ಟ್ರೀಯ ಪ್ರದರ್ಶನಕ್ಕೆಂದು ಎಬ್ಬಿಸಿದ್ದು ಈ ಗುಮ್ಮಟ. ಆಸ್ಟ್ರೇಲಿಯಾದ ಮೊದಲ ಸಂಸತ್ತು 1901ರ ಮೇ 9ರಂದು ಉದ್ಘಾಟನೆಯಾದದ್ದೂ ಇಲ್ಲಿಯೇ. 1927ರಲ್ಲಿ ಸಂಸತ್ತು ಕ್ಯಾನ್‌ಬೆರಾಗೆ ಹೋಗುವವರೆಗೆ ಒಕ್ಕೂಟದ ಆಡಳಿತ ನಡೆದದ್ದು ಮೆಲ್ಬರ್ನ್‌ನಿಂದ. 2004ರಲ್ಲಿ ಯುನೆಸ್ಕೋ ಈ ಕಟ್ಟಡವನ್ನೂ ಉದ್ಯಾನವನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇನ್ನು ಎಂಸಿಜಿ, ಅಂದರೆ ಮೆಲ್ಬರ್ನ್ ಕ್ರಿಕೆಟ್ ಮೈದಾನ. ನಮ್ಮವರಿರುವ ಬಸ್ಸಿನಲ್ಲಿ ಗೈಡ್‌ಗೆ ಅತಿ ಹೆಚ್ಚು ಪ್ರಶ್ನೆಗಳು ಬರುವುದು ಇಲ್ಲಿಯೇ ಇರಬೇಕು. 1877ರ ಮಾರ್ಚ್‌ನಲ್ಲಿ ಜಗತ್ತಿನ ಮೊದಲ ಟೆಸ್ಟ್ ಪಂದ್ಯ ನಡೆದ, ಲಕ್ಷ ಜನ ಕೂರುವ ಈ ಮೈದಾನದ ಹೊರಗಡೆ ಹತ್ತು ನಿಮಿಷ ನಿಲ್ಲಿಸುವ ಪ್ರವಾಸಗಳೇ ಹೆಚ್ಚು. ಒಳಗೆ ಹೋಗಬೇಕಾದರೆ ಮೈದಾನದವರೇ ಪಂದ್ಯವಿಲ್ಲದ ದಿನಗಳಲ್ಲಿ ನಡೆಸುವ ಪ್ರತ್ಯೇಕ ಗೈಡೆಡ್ ಟೂರ್‌ಗೆ ಟಿಕೆಟ್ ತೆಗೆದುಕೊಳ್ಳಬೇಕು. ಕರ್ನಾಟಕದವರಿಗೆ ಈ ಮೈದಾನದೊಂದಿಗೆ ಹಳೆಯ ನಂಟಿದೆ. 1977ರ ಡಿಸೆಂಬರ್ 30ರಂದು ಆರಂಭವಾದ ಟೆಸ್ಟ್‌ನಲ್ಲಿ ಬಿ.ಎಸ್. ಚಂದ್ರಶೇಖರ್ ಎರಡೂ ಇನಿಂಗ್ಸ್‌ಗಳಲ್ಲಿ 52 ರನ್ನಿಗೆ 6 ವಿಕೆಟ್ ಪಡೆದರು, ಭಾರತ 222 ರನ್‌ಗಳಿಂದ ಗೆದ್ದಿತು. ಆಸ್ಟ್ರೇಲಿಯಾದ ನೆಲದಲ್ಲಿ ಅದು ನಮ್ಮ ಮೊದಲ ಟೆಸ್ಟ್ ಗೆಲುವು. 1981ರಲ್ಲಿ ಇದೇ ಮೈದಾನದಲ್ಲಿ ಭಾರತ ಮತ್ತೆ ಗೆದ್ದಾಗ ಮೊದಲ ಇನಿಂಗ್ಸ್‌ನಲ್ಲಿ 114 ರನ್ ಗಳಿಸಿ ತಂಡವನ್ನು ಎತ್ತಿದವರು ಜಿ.ಆರ್. ವಿಶ್ವನಾಥ್. ಕೆ.ಎಲ್. ರಾಹುಲ್ 2014ರಲ್ಲಿ, ಮಯಂಕ್ ಅಗರ್‌ವಾಲ್ 2018ರಲ್ಲಿ ಟೆಸ್ಟ್ ಬದುಕನ್ನು ಆರಂಭಿಸಿದ್ದೂ ಇಲ್ಲಿಯೇ, ಎರಡೂ ಸಲ ಡಿಸೆಂಬರ್ 26ರ ಬಾಕ್ಸಿಂಗ್ ಡೇ ಪಂದ್ಯದಲ್ಲಿ. ಮೈದಾನದ ಸುತ್ತಲಿನ ಯಾರಾ ಪಾರ್ಕ್‌ನಲ್ಲಿ ಮೂಲನಿವಾಸಿಗಳು ತೊಗಟೆ ತೆಗೆದ ಗುರುತುಳ್ಳ ಹಳೆಯ ಮರಗಳು ಉಳಿದಿವೆ. ಕ್ರಿಕೆಟ್ಟಿನ ಗದ್ದಲದಲ್ಲಿ ಗೈಡ್ ಮರೆತರೆ ನೀವೇ ಕೇಳಿ.

ಆಲ್ಬರ್ಟ್ ಪಾರ್ಕ್ ಕೆರೆಯ ಸುತ್ತಲಿನ ರಸ್ತೆಯಲ್ಲಿ 1996ರಿಂದ ಫಾರ್ಮುಲಾ ಒನ್ ರೇಸ್ ನಡೆಯುತ್ತದೆ. ವರ್ಷದ ಉಳಿದ ದಿನಗಳಲ್ಲಿ ಅದು ಸಾಮಾನ್ಯ ರಸ್ತೆ, ಬಸ್ ಅದರ ಮೇಲೆಯೇ ನಿಧಾನವಾಗಿ ಹೋಗುತ್ತದೆ. ಕೆರೆಯಲ್ಲಿ ಕಪ್ಪು ಹಂಸಗಳಿವೆ. ನಗರಕ್ಕೆ ಮರಳುವಾಗ ಚಾಲಕ ಬಲಕ್ಕೆ ತಿರುಗಬೇಕಾದರೆ ಮೊದಲು ಎಡಗಡೆಗೆ ಬಂದು, ಅಡ್ಡರಸ್ತೆಯ ದೀಪ ಹಸಿರಾಗುವವರೆಗೆ ವೃತ್ತದಲ್ಲಿ ಕಾದು ತಿರುಗುವುದನ್ನು ಗಮನಿಸಿ. ನಡುವಿನ ಟ್ರಾಮ್‌ಗೆ ಅಡ್ಡವಾಗದಿರಲೆಂದು ಮಾಡಿದ ಮೆಲ್ಬರ್ನ್‌ನ ಈ ನಿಯಮ ಬೇರೆ ಊರುಗಳಿಂದ ಬಂದ ಆಸ್ಟ್ರೇಲಿಯನ್ನರನ್ನೂ ಗಾಬರಿಗೊಳಿಸುತ್ತದೆ.

ಇಳಿದ ಮೇಲೆ

ಪ್ರವಾಸ ಮುಗಿಯುವ ಮುಂಚೆ ಗೈಡ್‌ಗೆ ಒಂದು ಪ್ರಶ್ನೆ ಕೇಳಿ: ಇಂದು ಮಧ್ಯಾಹ್ನ ನಾವು ಎಲ್ಲಿಗೆ ಹೋದರೆ ಒಳ್ಳೆಯದು? ಹವೆ, ಜನಸಂದಣಿ, ಅಂದು ಮುಚ್ಚಿರುವ ಜಾಗಗಳು ಎಲ್ಲವೂ ಆತನಿಗೆ ಗೊತ್ತಿರುತ್ತವೆ. ಊಟಕ್ಕೆ ಕ್ವೀನ್ ವಿಕ್ಟೋರಿಯಾ ಮಾರುಕಟ್ಟೆಗೆ ಉಚಿತ ಟ್ರಾಮ್‌ನಲ್ಲೇ ಹೋಗಬಹುದು. 1878ರಿಂದ ನಡೆಯುತ್ತಿರುವ ಈ ಮಾರುಕಟ್ಟೆ ಸೋಮವಾರ ಮತ್ತು ಬುಧವಾರ ಮುಚ್ಚಿರುತ್ತದೆ. ಪಾಲಕ್ ಮತ್ತು ಚೀಸ್ ತುಂಬಿದ ಬೋರೆಕ್, ಬಿಸಿ ಜಾಮ್ ಡೋನಟ್‌ಗೆ ಅಲ್ಲಿ ಸಾಲು ನಿಲ್ಲುತ್ತಾರೆ. ಸಸ್ಯಾಹಾರಿಗಳು ಮೊಟ್ಟೆಯ ವಿಷಯವನ್ನು ಪ್ರತ್ಯೇಕವಾಗಿ ಕೇಳಬೇಕು, ಏಕೆಂದರೆ ಅಲ್ಲಿ ವೆಜಿಟೇರಿಯನ್ ಎಂದರೆ ಮೊಟ್ಟೆ ಇರಬಹುದು. ವೀಗನ್ ಎಂದು ಬರೆದದ್ದರಲ್ಲಿ ಮೊಟ್ಟೆಯೂ ಇಲ್ಲ, ಹಾಲು ತುಪ್ಪವೂ ಇಲ್ಲ.

ಊಟವಾದ ಮೇಲೆ ಕಾಲಿನಲ್ಲಿ ಶಕ್ತಿ ಉಳಿದಿದ್ದರೆ ಸ್ಟೇಟ್ ಲೈಬ್ರರಿಗೆ ಹೋಗಿ. 1913ರಲ್ಲಿ ತೆರೆದ ಅದರ ಎಂಟು ಮೂಲೆಗಳ ಗುಮ್ಮಟದ ವಾಚನಾಲಯವನ್ನು ಮೇಲಿನ ಅಂತಸ್ತಿನಿಂದ ಇಣುಕಿ ನೋಡಬಹುದು, ದರೋಡೆಕೋರ ನೆಡ್ ಕೆಲ್ಲಿಯ ಕಬ್ಬಿಣದ ಕವಚವೂ ಅಲ್ಲಿದೆ, ಪ್ರವೇಶ ಉಚಿತ. ನಡೆಯಲಾಗದವರು 35ನೇ ನಂಬರಿನ ಹಳೆಯ ಸಿಟಿ ಸರ್ಕಲ್ ಟ್ರಾಮ್ ಹತ್ತಿ ಕೂತರೆ, ಬೆಳಗ್ಗೆ ನೋಡಿದ ನಗರದ ಅಂಚನ್ನೆಲ್ಲ ಹಣ ಕೊಡದೆ ಮತ್ತೊಮ್ಮೆ ಸುತ್ತಬಹುದು.

ಉಪನಗರಕ್ಕೆ ಮರಳುವವರು ಸಂಜೆ ನಾಲ್ಕರೊಳಗೆ ರೈಲು ಹತ್ತುವುದು ಒಳ್ಳೆಯದು. ಅದಾದ ಮೇಲೆ ಕಚೇರಿ ಬಿಡುವ ಜನರೊಂದಿಗೆ, ಟಾರ್ನೀಟ್ ಕಡೆಯ ರೈಲಿನಲ್ಲಂತೂ, ನಿಂತೇ ಹೋಗಬೇಕಾಗುತ್ತದೆ. ಮನೆಯ ನಿಲ್ದಾಣದಲ್ಲಿ ಇಳಿದಾಗ ಮೈಕಿ ಕಾರ್ಡನ್ನು ಯಂತ್ರಕ್ಕೆ ಮತ್ತೊಮ್ಮೆ ಮುಟ್ಟಿಸಬೇಕು, ಇಲ್ಲದಿದ್ದರೆ ಮುಂದಿನ ಪ್ರಯಾಣದಲ್ಲಿ ಯಂತ್ರವು ಕಾರ್ಡಿನಿಂದ ಹೆಚ್ಚಿನ ದರವನ್ನು ಮುರಿದುಕೊಳ್ಳಬಹುದು.